ಪಾದ್ರಿಯಿಲ್ಲದ ಭಾನುವಾರ

ಕೆಲವು ವರ್ಷಗಳ ಹಿಂದೆ, ಅಮೆರಿಕದಲ್ಲಿರುವ ಮಗಳ ಮನೆಯಲ್ಲಿ, ಚಳಿಗಾಲದ ನಡುವಿನಿಂದ ಬೇಸಗೆಯ ಮೊದಲವರೆಗೆ ಐದು ತಿಂಗಳು ಇದ್ದುಬರುವ ಪ್ರಸಂಗ ಒದಗಿತು. ಮಿಶಿಗನ್ ರಾಜ್ಯದ ಉತ್ತರಭಾಗ. ಸುಪೀರಿಯರ್ ಸರೋವರದ ದಂಡೆಯ ಒಂದು ಸಣ್ಣ ಊರು. ಒಂದು ಕಾಲಕ್ಕೆ ತಾಮ್ರದ ಗಣಿಗಳಿಂದ ಗಿಜಿಗುಟ್ಟುತ್ತಿದ್ದ ಸೀಮೆ ಅದು. ಗಣಿಗಳು ಮುಚ್ಚಿ ಅರ್ಧ ಶತಮಾನವೇ ಕಳೆದಿದೆ. ಆ ಕಾಲದ ಕಲ್ಲಿನ ಚರ್ಚುಗಳು ಉಳಿದಿವೆ. ಅವುಗಳನ್ನು ತುಂಬುತ್ತಿದ್ದ ಜನ ಉಳಿದಿಲ್ಲ. ನಾವು ಹೋದ ಎಪಿಸ್ಕೋಪಲ್ ಚರ್ಚಿನಲ್ಲಿ ಇನ್ನೂರು ಜನ ಕೂರಬಹುದಾದಷ್ಟು ಬೆಂಚುಗಳಿದ್ದವು. ಆ ಭಾನುವಾರ ಕುಳಿತಿದ್ದವರು, ಮಗಳನ್ನೂ ನನ್ನನ್ನೂ ಸೇರಿಸಿ, 19 ಮಂದಿ.

ಪಾದ್ರಿಗಳಿರಲಿಲ್ಲ. ಅರುವತ್ತು ದಾಟಿದ ಒಬ್ಬ ಹೆಂಗಸು ಎದ್ದು ಮುಂದೆ ಹೋಗಿ ಪ್ರಾತಃಪ್ರಾರ್ಥನೆಯನ್ನು ಆರಂಭಿಸಿದಳು. ಮೂವತ್ತು ವರ್ಷ ಶಾಲೆಯ ಬಸ್ಸನ್ನು ನಡೆಸಿ ನಿವೃತ್ತಳಾದವಳೆಂದು ಆಮೇಲೆ ತಿಳಿಯಿತು. ಎಲ್ಲರೂ ಮೊಣಕಾಲೂರಿ ತಮ್ಮ ತಪ್ಪುಗಳನ್ನು ಒಪ್ಪಿಕೊಳ್ಳುವ ಪ್ರಾರ್ಥನೆ ಮುಗಿಯಿತು. ಪಾದ್ರಿಗಳಾಗಿದ್ದರೆ ಈಗ ಎದ್ದುನಿಂತು, ಸಭೆಯ ಕಡೆಗೆ ತಿರುಗಿ, ದೇವರು ನಿಮ್ಮನ್ನು ಕ್ಷಮಿಸಲಿ ಎಂಬ ಅರ್ಥದ ಮಾತನ್ನು ಹೇಳುತ್ತಾರೆ. ಈಕೆ ಏಳಲಿಲ್ಲ. ಮೊಣಕಾಲೂರಿಕೊಂಡೇ ಅದೇ ವಾಕ್ಯವನ್ನು ಓದಿದಳು. ಆದರೆ ‘ನಿಮ್ಮ’ ಎಂದಿರಬೇಕಾದ ಕಡೆಯಲ್ಲೆಲ್ಲ ‘ನಮ್ಮ’ ಎಂದಳು.

ನಾನು ವ್ಯಾಕರಣದ ಮೇಷ್ಟರು. ಸರ್ವನಾಮ ಬದಲಾದರೆ ಕಿವಿ ನಿಮಿರುತ್ತದೆ. ಪುಸ್ತಕವನ್ನು ತಿರುವಿ ನೋಡಿದೆ. ಆ ಚರ್ಚಿನವರು 1979ರಲ್ಲಿ ಅಂಗೀಕರಿಸಿದ ಪ್ರಾರ್ಥನಾ ಪುಸ್ತಕ ಅದು. ಅಲ್ಲಿ ಸಣ್ಣ ಅಕ್ಷರದಲ್ಲಿ ಸೂಚನೆ ಇತ್ತು: ಪಾದ್ರಿಯಲ್ಲದವರು ನಡೆಸುವಾಗ ಏಳಬಾರದು, ‘ನೀವು’ ಎಂಬುದನ್ನು ‘ನಾವು’ ಎಂದು ಬದಲಿಸಿಕೊಳ್ಳಬೇಕು. ಈ ದಿನ ನಿಮ್ಮೊಡನೆ ಹಂಚಿಕೊಳ್ಳಬೇಕೆಂದಿರುವ ವಿಚಾರವೆಲ್ಲ ಈ ಒಂದು ಸರ್ವನಾಮದ ಸುತ್ತಲೇ ಇದೆ. ತೆಲುಗಿನವರು ಈ ವಿಷಯದಲ್ಲಿ ನಮಗಿಂತ ಅನುಕೂಲವಂತರು. ಎದುರಿಗಿರುವವರನ್ನೂ ಸೇರಿಸಿಕೊಳ್ಳುವ ‘ಮನಮು’, ಅವರನ್ನು ಹೊರಗಿಡುವ ‘ಮೇಮು’ ಎಂದು ಅವರಿಗೆ ಎರಡು ಶಬ್ದಗಳಿವೆ. ಕನ್ನಡದ ‘ನಾವು’ ಎರಡು ಅರ್ಥವನ್ನೂ ಹೊತ್ತಿದೆ. ಯಾವ ಅರ್ಥದಲ್ಲಿ ಬಳಸುತ್ತಿದ್ದೇವೆ ಎಂಬುದು ಆಡುವವರ ನಡತೆಯಿಂದ ಮಾತ್ರ ಗೊತ್ತಾಗಬೇಕು.

ಎಪಿಸ್ಕೋಪಲ್ ಎಂದರೆ ಬಿಷಪರನ್ನುಳ್ಳ ಸಭೆ. ಮೇಲ್ವಿಚಾರಕ ಎಂಬರ್ಥದ ಒಂದೇ ಗ್ರೀಕ್ ಶಬ್ದದಿಂದ ಬಿಷಪ್ ಎಂಬುದೂ ಎಪಿಸ್ಕೋಪಲ್ ಎಂಬುದೂ ಹುಟ್ಟಿವೆ. ಅಮೆರಿಕದ ಎಪಿಸ್ಕೋಪಲ್ ಚರ್ಚು ಇಂಗ್ಲೆಂಡಿನ ಚರ್ಚಿನ ಕವಲು. ವಿನೋದವೆಂದರೆ, ಬಿಷಪರ ಹೆಸರನ್ನೇ ಹೊತ್ತಿರುವ ಈ ಸಭೆ ಆ ನೆಲದಲ್ಲಿ ಮೊದಲ ನೂರೆಪ್ಪತ್ತು ವರ್ಷಕ್ಕೂ ಮಿಕ್ಕಿ ಒಬ್ಬನೇ ಒಬ್ಬ ಬಿಷಪನಿಲ್ಲದೆ ಬದುಕಿತು. 1607ರಲ್ಲಿ ವರ್ಜೀನಿಯದ ಜೇಮ್ಸ್‌ಟೌನಿನಲ್ಲಿ ಇಂಗ್ಲಿಷರು ನೆಲೆಯೂರಿದಾಗಲೇ ಪ್ರಾರ್ಥನಾ ಪುಸ್ತಕವೂ ಬಂದಿಳಿಯಿತು. ಆದರೆ ಪಾದ್ರಿಯ ದೀಕ್ಷೆ ಕೊಡುವ ಅಧಿಕಾರ ಬಿಷಪರದು; ಬಿಷಪರಿದ್ದುದು ಸಮುದ್ರದ ಆಚೆ. ದೀಕ್ಷೆ ಬೇಕಾದ ತರುಣ ಹಡಗು ಹತ್ತಿ ಲಂಡನ್ನಿಗೆ ಹೋಗಬೇಕು, ಬದುಕಿದ್ದರೆ ಹಿಂದಿರುಗಬೇಕು. ಹೀಗಾಗಿ ಪಾದ್ರಿಗಳು ಎಂದೂ ಸಾಲುತ್ತಿರಲಿಲ್ಲ. ಹೊಲಗದ್ದೆಗಳ ನಡುವೆ ಹತ್ತಾರು ಮೈಲಿ ಹರಡಿದ್ದ ಸಭೆಗಳಲ್ಲಿ ಓದುಬಲ್ಲ ಒಬ್ಬ ಗೃಹಸ್ಥ ಭಾನುವಾರ ಪುಸ್ತಕವನ್ನು ತೆರೆದು ಓದುತ್ತಿದ್ದ. ಉಳಿದವರು ಉತ್ತರ ಹೇಳುತ್ತಿದ್ದರು. 1549ರಲ್ಲಿ ಮೊದಲು ಅಚ್ಚಾದ ಆ ಪುಸ್ತಕದ ಗುಣವೇ ಅದು: ಪ್ರಾತಃಪ್ರಾರ್ಥನೆಗೂ ಸಂಧ್ಯಾಪ್ರಾರ್ಥನೆಗೂ ಪಾದ್ರಿಯೇ ಬೇಕೆಂದಿಲ್ಲ. ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಪವಿತ್ರಗೊಳಿಸುವ ಕರ್ತನ ಭೋಜನಕ್ಕೆ ಮಾತ್ರ ಪಾದ್ರಿ ಬೇಕೇ ಬೇಕು.

ದೇಶ ಸ್ವತಂತ್ರವಾದ ಮೇಲೆ, 1784ರ ನವೆಂಬರಿನಲ್ಲಿ, ಸ್ಯಾಮ್ಯುಯೆಲ್ ಸೀಬರಿ ಎಂಬವರು ಸ್ಕಾಟ್ಲೆಂಡಿನ ಆಬರ್ಡೀನಿನಲ್ಲಿ ಅಮೆರಿಕದ ಮೊದಲ ಬಿಷಪರಾದರು. ಅದಕ್ಕೆ ಎರಡು ವರ್ಷ ಮುಂಚೆ, 1782ರಲ್ಲಿಯೇ, ಫಿಲಡೆಲ್ಫಿಯದ ವಿಲಿಯಂ ವೈಟ್ ಎಂಬ ಪಾದ್ರಿಗಳು ಒಂದು ಕಿರುಹೊತ್ತಗೆ ಬರೆದು, ಬಿಷಪರಿಗಾಗಿ ಕಾಯುತ್ತ ಕೂರುವುದು ಬೇಡ, ಪಾದ್ರಿಗಳೂ ಗೃಹಸ್ಥರೂ ಕೂಡಿ ಸಭೆಯನ್ನು ಕಟ್ಟಿಕೊಳ್ಳೋಣ ಎಂದು ವಾದಿಸಿದ್ದರು. 1785ರಲ್ಲಿ ಸೇರಿದ ಮೊದಲ ಮಹಾಸಭೆಯಲ್ಲಿ ಗೃಹಸ್ಥ ಪ್ರತಿನಿಧಿಗಳೂ ಕುಳಿತರು. ಇಂದಿಗೂ ಮೂರು ವರ್ಷಕ್ಕೊಮ್ಮೆ ಸೇರುವ ಆ ಸಭೆಯ ಪ್ರತಿನಿಧಿ ಮನೆಯಲ್ಲಿ ದೀಕ್ಷೆಯಾದವರಿಗೆಷ್ಟೋ ಗೃಹಸ್ಥರಿಗೂ ಅಷ್ಟೇ ಸ್ಥಾನಗಳು. ಗೃಹಸ್ಥರೆಂದರೆ ಗಂಡಸರು ಎಂಬ ಅರ್ಥವೇ ಬಹುಕಾಲ ನಡೆಯಿತೆಂಬುದನ್ನು ಮರೆಯಬಾರದು. ಹೆಂಗಸರು ಆ ಪೀಠಗಳಲ್ಲಿ ಕುಳಿತದ್ದು 1970ರಲ್ಲಿ.

ಈ ‘ಗೃಹಸ್ಥ’ ಎಂಬ ಶಬ್ದದಿಂದ ನನಗೆ ಸಮಾಧಾನವಿಲ್ಲ. ಇಂಗ್ಲಿಷಿನಲ್ಲಿ ‘ಲೇ’ ಎನ್ನುತ್ತಾರೆ. ಮೂಲ ಗ್ರೀಕಿನಲ್ಲಿ ‘ಲಾವೋಸ್’, ಜನ ಎಂದರ್ಥ. ಜನ ಎಂಬ ಘನವಾದ ಶಬ್ದ ಸವೆದು ಸವೆದು ಕೊನೆಗೆ ‘ವಿಷಯ ತಿಳಿಯದವನು’ ಎಂಬ ಅರ್ಥಕ್ಕೆ ಇಳಿಯಿತು. ದೀಕ್ಷೆಯಿಲ್ಲದವರು ಎಂದು ಕನ್ನಡಿಸೋಣವೆಂದರೆ ಅಲ್ಲಿಯೂ ತೊಡಕು. ಕ್ರೈಸ್ತನಾಗುವ ಸಂಸ್ಕಾರಕ್ಕೆ ನಮ್ಮ ಕನ್ನಡ ಬೈಬಲು ಇಟ್ಟಿರುವ ಹೆಸರು ದೀಕ್ಷಾಸ್ನಾನ. ಅಂದಮೇಲೆ ಸ್ನಾನವಾದವರೆಲ್ಲ ದೀಕ್ಷಿತರೇ. ಕುವೆಂಪು ಅವರು ‘ಶ್ರೀಸಾಮಾನ್ಯರ ದೀಕ್ಷಾಗೀತೆ’ ಎಂದು ಒಂದು ಕವಿತೆಗೆ ಹೆಸರಿಟ್ಟಾಗ ಅವರ ಮನಸ್ಸಿನಲ್ಲಿದ್ದ ಸಂದರ್ಭ ಬೇರೆ. ಆದರೆ ಸಾಮಾನ್ಯನಿಗೂ ದೀಕ್ಷೆಯುಂಟು ಎಂಬ ಮಾತು ಆ ಹೆಸರಿನಲ್ಲಿಯೇ ಇದೆ. 1979ರ ಪುಸ್ತಕದ ಪ್ರಶ್ನೋತ್ತರ ಭಾಗವೂ ಸಭೆಯ ಸೇವಕರು ಯಾರೆಂದು ಹೇಳುವಾಗ ಬಿಷಪರನ್ನೂ ಪಾದ್ರಿಗಳನ್ನೂ ಡೀಕನರನ್ನೂ ಹೆಸರಿಸುವ ಮುಂಚೆ ಮೊದಲು ಹೆಸರಿಸುವುದು ಈ ಸಾಮಾನ್ಯರನ್ನೇ.

ಪುಸ್ತಕ ಹೇಳುವುದು ಒಂದು, ನಡೆಯುವುದು ಇನ್ನೊಂದು. ಸಾಮಾನ್ಯನನ್ನು ಓದುಗನನ್ನಾಗಿ ನೇಮಿಸಿದರೂ ಅವನ ಸುತ್ತ ಬಹುಕಾಲ ಬೇಲಿ ಹಾಕಿದ್ದರು. ವಿಶೇಷ ಅನುಮತಿಯಿಲ್ಲದೆ ಸ್ವಂತ ಪ್ರಸಂಗ ಮಾಡಬಾರದು, ಬೇರೆಯವರು ಬರೆದದ್ದನ್ನು ಓದಬೇಕು, ಆಶೀರ್ವದಿಸಬಾರದು. ಇವುಗಳಲ್ಲಿ ಕೆಲವಕ್ಕೆ ಕಾರಣವಿತ್ತು, ಕೆಲವಕ್ಕೆ ಭಯವೇ ಕಾರಣ. ಯಾರ ಭಯ ಎಂಬುದನ್ನು ಅಬ್ಸಲಮ್ ಜೋನ್ಸ್ ಎಂಬವರ ಕಥೆಯಲ್ಲಿ ಕಾಣಬಹುದು. ಅವರು 1746ರಲ್ಲಿ ಗುಲಾಮರಾಗಿ ಹುಟ್ಟಿದರು. ದುಡಿದು ಮೊದಲು ಹೆಂಡತಿಯ ಬಿಡುಗಡೆಯನ್ನು ಕೊಂಡರು; 1784ರಲ್ಲಿ ತಾವೂ ಬಿಡುಗಡೆ ಹೊಂದಿದರು. ಫಿಲಡೆಲ್ಫಿಯದ ಒಂದು ಚರ್ಚಿನಲ್ಲಿ ಕರಿಯರನ್ನು ಪ್ರಾರ್ಥನೆಯ ನಡುವೆಯೇ ಎಬ್ಬಿಸಿ ಬೇರೆ ಕಡೆ ಕೂರಿಸಹೋದಾಗ ತಮ್ಮವರೊಡನೆ ಎದ್ದು ಹೊರಬಂದರು. ಸ್ವಂತ ಸಭೆ ಕಟ್ಟಿದರು. 1794ರಲ್ಲಿ ಆ ಸಭೆ ಎಪಿಸ್ಕೋಪಲ್ ಚರ್ಚನ್ನು ಸೇರುವಾಗ ಕೇಳಿದ ಷರತ್ತುಗಳಲ್ಲಿ ಎರಡು: ನಮ್ಮ ವ್ಯವಹಾರ ನಮ್ಮ ಕೈಯಲ್ಲಿರಬೇಕು, ಜೋನ್ಸರೇ ನಮಗೆ ಓದುಗರಾಗಬೇಕು. ಮರುವರ್ಷ ಅವರಿಗೆ ಡೀಕನ್ ದೀಕ್ಷೆಯಾಯಿತು. ಮುಂದೆ ಪಾದ್ರಿಯೂ ಆದರು. ದೀಕ್ಷೆಗೆ ಬೇಕಾಗಿದ್ದ ಗ್ರೀಕ್ ಲ್ಯಾಟಿನ್ ಜ್ಞಾನದ ನಿಯಮವನ್ನು ಅವರಿಗಾಗಿ ಸಡಿಲಿಸಿದರು. ಬದಲಿಗೆ, ಆ ಸಭೆ ಪ್ರಾಂತದ ಅಧಿವೇಶನಕ್ಕೆ ಪ್ರತಿನಿಧಿಗಳನ್ನು ಕಳಿಸುವಂತಿಲ್ಲ ಎಂದು ಬರೆದರು! ಒಂದು ಕೈಯಿಂದ ಪೀಠ ಕೊಟ್ಟು ಇನ್ನೊಂದು ಕೈಯಿಂದ ಮಾತನ್ನು ಕಿತ್ತುಕೊಂಡ ಈ ವ್ಯವಹಾರಕ್ಕೆ ಭಾಷೆಯ ಜ್ಞಾನ ನೆಪವಾದದ್ದು ಭಾಷೆಯ ಅಧ್ಯಾಪಕನಾದ ನನ್ನನ್ನು ಚುಚ್ಚುತ್ತದೆ.

ಭಾಷೆ ನೆಪವಾಗದೆ ಬಲವಾದ ಕಥೆ ಅಲಾಸ್ಕದ್ದು. ಯೂಕಾನ್ ನದಿಯ ಸೀಮೆಯ ಗ್ವಿಚಿನ್ ಎಂಬ ಜನರ ನುಡಿಗೆ ರಾಬರ್ಟ್ ಮೆಕ್‌ಡೊನಾಲ್ಡ್ ಎಂಬ ಕೆನಡದ ಆಂಗ್ಲಿಕನ್ ಪಾದ್ರಿಗಳು, ಆ ಜನರ ನೆರವಿನಿಂದಲೇ, ಬೈಬಲನ್ನೂ ಪ್ರಾರ್ಥನಾ ಪುಸ್ತಕವನ್ನೂ ತಂದರು. ತಕುದ್ಧ್ ಎಂದು ಕರೆಯುವ ಆ ನುಡಿಯಲ್ಲಿ ಇಡೀ ಬೈಬಲು ಅಚ್ಚಾದದ್ದು 1898ರಲ್ಲಿ. ಹಳ್ಳಿಗೂ ಹಳ್ಳಿಗೂ ನಡುವೆ ನೂರಾರು ಮೈಲಿ ಹಿಮ. 1904ರಲ್ಲಿ ಅಲ್ಲಿಗೆ ಬಂದ ಹಡ್ಸನ್ ಸ್ಟಕ್ ಎಂಬ ಆರ್ಚ್‌ಡೀಕನರು ನಾಯಿಗಳು ಎಳೆಯುವ ಜಾರುಬಂಡಿಯಲ್ಲಿ ಚಳಿಗಾಲವೆಲ್ಲ ಸುತ್ತುತ್ತಿದ್ದರು; ಆದರೂ ಒಂದೊಂದು ಹಳ್ಳಿಗೆ ವರ್ಷದಲ್ಲಿ ಎಷ್ಟು ಸಲ ತಲುಪಿಯಾರು? ಮಿಕ್ಕ ಭಾನುವಾರಗಳನ್ನು ನಡೆಸಿದವರು ಹಳ್ಳಿಯ ಬೇಟೆಗಾರರು, ಮೀನು ಹಿಡಿಯುವವರು. ಆರ್ಕ್‌ಟಿಕ್ ವಿಲೇಜ್ ಎಂಬ ದೂರದ ಹಳ್ಳಿಯಲ್ಲಿ ಆಲ್ಬರ್ಟ್ ಟ್ರಿಟ್ ಎಂಬ ಗ್ವಿಚಿನ್ ಮನುಷ್ಯ ತನ್ನ ನುಡಿಯ ಬೈಬಲನ್ನೂ ಇಂಗ್ಲಿಷ್ ಬೈಬಲನ್ನೂ ಎದುರುಬದುರಾಗಿ ಇಟ್ಟುಕೊಂಡು ತಾನಾಗಿ ಓದು ಕಲಿತ, ತನ್ನವರಿಗೆ ಓದುಗನಾದ, ಮರದ ದಿಮ್ಮಿಗಳಿಂದ ಚರ್ಚು ಕಟ್ಟಿಸಿದ, ಮುಂದೆ ಡೀಕನನಾದ. ನಮ್ಮಲ್ಲಿ ಗಮಕಿಗಳು ಊರಿಗೊಬ್ಬರಂತೆ ಇದ್ದು ಕುಮಾರವ್ಯಾಸನನ್ನು ಉಳಿಸಿದ ಬಗೆ ನೆನಪಾಗುತ್ತದೆ. ಆ ಜನರಲ್ಲಿ ಒಬ್ಬರು, ಡೇವಿಡ್ ಸಾಲ್ಮನ್, ಪಾದ್ರಿಯಾಗಿ ದೀಕ್ಷೆ ಪಡೆದದ್ದು 1962ರಲ್ಲಿ. ಬೈಬಲು ಅಚ್ಚಾಗಿ 64 ವರ್ಷ! ಅಷ್ಟು ಕಾಲ ತಮ್ಮ ನುಡಿಯಲ್ಲಿ ತಾವೇ ಪ್ರಾರ್ಥಿಸಿದ ಜನರಿಗೆ ಕರ್ತನ ಭೋಜನ ಮಾತ್ರ ಹೊರಗಿನವರ ಬಂಡಿ ಬಂದಾಗಲೇ.

ಈ ವಿಪರ್ಯಾಸದ ಮೇಲೆ ಬೆರಳಿಟ್ಟವರು ರೋಲಂಡ್ ಆಲನ್ ಎಂಬ ಇಂಗ್ಲಿಷ್ ಪಾದ್ರಿಗಳು. ಉತ್ತರ ಚೀನದಲ್ಲಿ ಕೆಲಸ ಮಾಡಿದ್ದರು. 1900ರಲ್ಲಿ ಪೀಕಿಂಗಿನ ಮುತ್ತಿಗೆಯೊಳಗೆ ಸಿಕ್ಕಿ ಬದುಕಿ ಬಂದವರು. 1912ರಲ್ಲಿ ಅವರು ಬರೆದ ಪುಸ್ತಕದ ಒಟ್ಟು ವಾದ ಇಷ್ಟು: ಸಂತ ಪೌಲನು ಒಂದು ಊರಿನಲ್ಲಿ ಕೆಲವು ತಿಂಗಳಿದ್ದು, ಅಲ್ಲಿಯವರಿಗೇ ಸಭೆಯನ್ನು ಒಪ್ಪಿಸಿ ಮುಂದೆ ನಡೆದ, ನಾವಾದರೋ ತಲೆಮಾರುಗಟ್ಟಲೆ ಕುಳಿತು, ನೀವು ಇನ್ನೂ ಸಿದ್ಧರಾಗಿಲ್ಲ ಎನ್ನುತ್ತಿದ್ದೇವೆ. ಸಂಬಳದ, ಕಾಲೇಜಿನ ಪದವಿಯ ಪಾದ್ರಿಯೇ ಬೇಕೆಂದು ಹಟ ಹಿಡಿದು ಸಾವಿರಾರು ಸಭೆಗಳನ್ನು ಉಪವಾಸ ಕೆಡವಿದ್ದೇವೆ ಎಂದು ಅವರು ಕಟುವಾಗಿ ಬರೆದರು. ಅದೇ 1912ರ ಕೊನೆಯಲ್ಲಿ ನಮ್ಮ ದೇಶದಲ್ಲಿ ವಿ. ಎಸ್. ಅಜರಯ್ಯ ಅವರು ಮೊದಲ ಭಾರತೀಯ ಆಂಗ್ಲಿಕನ್ ಬಿಷಪರಾಗಿ ದೋರ್ಣಕಲ್ಲಿನಲ್ಲಿ ಹಳ್ಳಿಯ ಉಪದೇಶಿಗಳನ್ನು ತಯಾರು ಮಾಡುವ ಕೆಲಸಕ್ಕೆ ಕೈಹಾಕಿದ್ದರೆಂಬುದನ್ನೂ ಸ್ಮರಿಸಬೇಕು. ಆಲನ್ ಅವರ ಮಾತನ್ನು ಅವರ ಕಾಲ ಕೇಳಲಿಲ್ಲ. 1947ರಲ್ಲಿ ನೈರೋಬಿಯಲ್ಲಿ ತೀರಿಕೊಂಡರು. ಕೇಳಿಸಿಕೊಂಡವರು ಮುಂದಿನ ತಲೆಮಾರಿನವರು: ಅಲಾಸ್ಕದಲ್ಲಿ ಸ್ವತಃ ವಿಮಾನ ನಡೆಸಿಕೊಂಡು ಹಳ್ಳಿಗಳಿಗೆ ಇಳಿಯುತ್ತಿದ್ದ ಬಿಷಪ್ ವಿಲಿಯಂ ಗಾರ್ಡನ್, 1972ರಿಂದ ನೆವಾಡದ ಮರುಭೂಮಿಯ ಸಣ್ಣ ಊರುಗಳಲ್ಲಿ ದುಡಿದ ಬಿಷಪ್ ವೆಸ್ಲಿ ಫ್ರೆನ್ಸ್‌ಡಾರ್ಫ್, 1982ರಿಂದ 1999ರವರೆಗೆ ಉತ್ತರ ಮಿಶಿಗನ್ನಿನ ಬಿಷಪರಾಗಿದ್ದ ಥಾಮಸ್ ರೇ. ಪಾದ್ರಿಯನ್ನು ಹೊರಗಿನಿಂದ ಕಳಿಸಲಾಗದಿದ್ದರೆ ಸಭೆಯೊಳಗಿಂದಲೇ, ಒಬ್ಬರನ್ನಲ್ಲ, ಒಂದು ತಂಡವನ್ನೇ ಎಬ್ಬಿಸಬೇಕು. ಪ್ರಸಂಗಕ್ಕೆ ಒಬ್ಬರು, ರೋಗಿಗಳಿಗೆ ಇಬ್ಬರು, ಲೆಕ್ಕಕ್ಕೆ ಒಬ್ಬರು. ಅವರಲ್ಲಿಯೇ ಕೆಲವರಿಗೆ ಪಾದ್ರಿಯ ದೀಕ್ಷೆ, ಸಂಬಳವಿಲ್ಲದೆ. ಕಾಲೇಜಿನಲ್ಲಿ ಕಲಿತ ಒಬ್ಬರು ನಾಲ್ಕಾರು ಸಭೆಗಳನ್ನು ಸುತ್ತುತ್ತ ಈ ತಂಡಗಳಿಗೆ ಜೊತೆಯಾಗಿರುತ್ತಾರೆ. ನಾನು ಕಂಡ ಬಸ್ಸಿನ ಅಮ್ಮ ಈ ಬಗೆಯ ತಂಡದವಳು.

ಇವರಿಗೆ ತರಬೇತಿ ಹೇಗೆ? ನನಗೆ ಕುತೂಹಲವಿದ್ದುದು ಇಲ್ಲಿಯೇ.

ಆ ಚರ್ಚಿನ ನಿಯಮಾವಳಿಯಲ್ಲಿ ಸಾಮಾನ್ಯರಿಗೆ ಬಿಷಪರು ಕೊಡುವ ಹಲವು ಅನುಮತಿಗಳಿವೆ: ಆರಾಧನೆ ನಡೆಸುವವರು, ಪ್ರಸಂಗ ಮಾಡುವವರು, ಧರ್ಮಬೋಧೆ ಮಾಡುವವರು, ಪವಿತ್ರಗೊಂಡ ರೊಟ್ಟಿ ಮತ್ತು ದ್ರಾಕ್ಷಾರಸವನ್ನು ಭಾನುವಾರದ ಆರಾಧನೆಯಿಂದ ರೋಗಿಗಳ ಮನೆಗೆ ಒಯ್ಯುವವರು. ಪಾದ್ರಿಗಳಿಲ್ಲದ ಕಡೆ ಸಭೆಯ ಪಾಲನೆಯ ಹೊಣೆಯನ್ನೇ ಹೊರುವವರೂ ಉಂಟು. ಅನುಮತಿ ಗೊತ್ತಾದ ಅವಧಿಗೆ ಮಾತ್ರ. ಮುಗಿದರೆ ಮತ್ತೆ ಪಡೆಯಬೇಕು. ಪಾಲನೆಯ ಹೊಣೆ ಹೊರುವವರು ಕಲಿಯಬೇಕಾದುದರ ಪಟ್ಟಿಯಲ್ಲಿ ಬೈಬಲು, ಪ್ರಾರ್ಥನಾ ಪುಸ್ತಕ, ಚರ್ಚಿನ ಚರಿತ್ರೆ, ಸಿದ್ಧಾಂತ ಎಲ್ಲ ಇವೆ. ಅವುಗಳ ನಡುವೆ ಒಂದು ಬಾಬು: ದನಿಯ ಬಳಕೆ. ಮೂವತ್ತೈದು ವರ್ಷ ಪಾಠ ಹೇಳಿದ ನನಗೆ ಯಾವ ವಿಶ್ವವಿದ್ಯಾನಿಲಯವೂ ಅದನ್ನು ಕಲಿಸಿರಲಿಲ್ಲ.

ಬುದ್ಧಿಯ ಭಾಗಕ್ಕೆ ಅಲ್ಲಿ ಹೆಸರಾದ ಕ್ರಮವೊಂದಿದೆ. ಟೆನೆಸಿ ರಾಜ್ಯದ ಸುವಾನಿ ಎಂಬಲ್ಲಿರುವ ಎಪಿಸ್ಕೋಪಲ್ ವಿಶ್ವವಿದ್ಯಾನಿಲಯದ ಧರ್ಮಶಾಸ್ತ್ರ ಶಾಲೆ 1975ರಲ್ಲಿ ಆರಂಭಿಸಿದ್ದು. ನಾಲ್ಕು ವರ್ಷದ ಓದು: ಮೊದಲು ಹಳೆಯ ಒಡಂಬಡಿಕೆ, ಆಮೇಲೆ ಹೊಸದು, ಆಮೇಲೆ ಚರಿತ್ರೆ, ಕೊನೆಗೆ ಸಿದ್ಧಾಂತ. ಹತ್ತು ಹನ್ನೆರಡು ಜನ ವಾರಕ್ಕೊಮ್ಮೆ ಸೇರುತ್ತಾರೆ. ನಡುವೆ ಇರುವವನು ಗುರುವಲ್ಲ, ಜೊತೆಗಾರ, ಉಪನ್ಯಾಸ ಮಾಡುವಂತಿಲ್ಲ. ಯಾರಾದರೊಬ್ಬರು ತಮ್ಮ ಬದುಕಿನಲ್ಲಿ ಆ ವಾರ ನಡೆದ ಒಂದು ಸಣ್ಣ ಘಟನೆಯನ್ನು ಹೇಳುತ್ತಾರೆ. ಉಳಿದವರು ಬುದ್ಧಿ ಹೇಳದೆ, ತೀರ್ಪು ಕೊಡದೆ, ಓದಿದ್ದಕ್ಕೂ ಅದಕ್ಕೂ ಎಲ್ಲಿ ನಂಟು ಎಂದು ಹುಡುಕುತ್ತಾರೆ. ಬುದ್ಧಿ ಹೇಳದಿರುವುದನ್ನು ಕಲಿಯಲು ತನಗೆ ಎರಡು ವರ್ಷ ಹಿಡಿಯಿತೆಂದು ಬಸ್ಸಿನ ಅಮ್ಮ ನಕ್ಕಳು. ಕಲಿಯುವವನನ್ನು ಮನೆಮಠ ಬಿಡಿಸದೆ ಪಾಠವನ್ನೇ ಅವನ ಊರಿಗೆ ಒಯ್ಯುವ ಈ ಬಗೆಯ ಶಿಕ್ಷಣಕ್ಕೆ ಮೇಲ್ಪಂಕ್ತಿ ಹಾಕಿದ್ದು 1963ರಲ್ಲಿ ಗ್ವಾಟೆಮಾಲ ದೇಶದ ಪ್ರೆಸ್ಬಿಟೇರಿಯನರು. ಅದೇ ಮೇಲ್ಪಂಕ್ತಿಯಲ್ಲಿ 1971ರಲ್ಲಿ ನಮ್ಮ ಬೆಂಗಳೂರಿನಲ್ಲಿ ಟ್ಯಾಫ್ಟಿ ಎಂಬ ಸಂಸ್ಥೆ ಹುಟ್ಟಿತು. ಕಚೇರಿ ಕೆಲಸದವರೂ ಶಾಲಾ ಮೇಷ್ಟರೂ ಸಂಜೆ ಕುಳಿತು ಧರ್ಮಶಾಸ್ತ್ರ ಓದುವಂತಾಯಿತು.

ಆ ವಾರದ ಕೂಟಕ್ಕೆ ನನ್ನನ್ನು ಬಿಡಲಿಲ್ಲ. ಒಳಗಿನ ಮಾತು ಹೊರಗೆ ಹೋಗಬಾರದೆಂಬ ಕಟ್ಟು ಅವರದು. ಆದರೆ ಶನಿವಾರ ಮಧ್ಯಾಹ್ನದ ಅಭ್ಯಾಸಕ್ಕೆ ಕರೆದಳು. ಖಾಲಿ ಚರ್ಚು, ಹೊರಗೆ ಹಿಮ ಬೀಳುತ್ತಿತ್ತು. ಮರುದಿನ ಓದಬೇಕಾದ ಮುದುಕನೊಬ್ಬ ಮುಂದೆ ನಿಂತ. ಈಕೆ ಕೊನೆಯ ಬೆಂಚಿನಲ್ಲಿ ಕುಳಿತಳು. ಕೇಳಿಸದಿದ್ದರೆ ಕೈಯೆತ್ತುತ್ತಿದ್ದಳು. ಬೇರೆ ಮಾತಿಲ್ಲ. ಪಾಠ ಮುಗಿದೊಡನೆ ಅವನು ಕೆಳಗಿಳಿಯಹೋದರೆ ಮತ್ತೆ ಕೈ: ಜನ ಅದನ್ನು ನುಂಗಿಕೊಳ್ಳುವಷ್ಟು ಹೊತ್ತು ನಿಲ್ಲಬೇಕು. ರೋಗಿಯ ಮನೆಗೆ ಹೋಗುವವರಿಗೆ ಅವಳು ಹೇಳುತ್ತಿದ್ದುದೂ ಹೀಗೆಯೇ ಸಣ್ಣ ಸಣ್ಣ ಮಾತು. ನಿಂತು ಮಾತಾಡಬೇಡಿ, ಮಂಚದ ಎತ್ತರಕ್ಕೆ ಕುಳಿತುಕೊಳ್ಳಿ. ಪ್ರಾರ್ಥನೆ ಮಾಡಲೇ ಎಂದು ಕೇಳಿ, ಬೇಡವೆಂದರೆ ಬೇಡ. ನಿಮ್ಮ ಅತ್ತೆಗೂ ಇದೇ ಕಾಯಿಲೆಯಿತ್ತೆಂದು ಹೇಳಬೇಡಿ.

ಒಂದು ದಿನ ಕಾಫಿ ಕುಡಿಯುತ್ತ ನಾನು ಕೇಳಿದೆ: “ನಿಮಗೆ ಎಲ್ಲಕ್ಕಿಂತ ಕಷ್ಟವಾದ ಪಾಠ ಯಾವುದು?” ಅವಳು ಹೇಳಿದ್ದನ್ನು ಕನ್ನಡದಲ್ಲಿ ಹೀಗೆ ಹೇಳಬಹುದು. “ಅನುಮತಿ ಸಿಕ್ಕಿದ ಮೊದಲ ಹದಿನಾಲ್ಕು ತಿಂಗಳು ಪ್ರತಿ ಭಾನುವಾರ ನಾನೇ ನಡೆಸಿದೆ. ಚೆನ್ನಾಗಿ ನಡೆಸುತ್ತೇನೆಂದು ಎಲ್ಲರೂ ಅಂದರು. ಒಂದು ಭಾನುವಾರ ಜ್ವರ ಬಂದು ಮಲಗಿದೆ. ಆ ದಿನ ಚರ್ಚಿನ ಬಾಗಿಲೇ ತೆರೆಯಲಿಲ್ಲ. ಬಿಷಪರಿಗೆ ಫೋನ್ ಮಾಡಿ ಅತ್ತೆ. ಹಾಗಾದರೆ ನಿನ್ನ ಕೆಲಸ ಈಗ ಆರಂಭವಾಯಿತು ಎಂದರು ಅವರು.”

ಈ ಮಾತು ಕೇಳಿ ನಾನು ಸುಮ್ಮನಾದೆ. ಅವಳಿಗೆ ಹೇಳದೆ ಉಳಿಸಿಕೊಂಡದ್ದನ್ನು ಇಲ್ಲಿ ಹೇಳುತ್ತೇನೆ.

ನನ್ನ ತಂದೆ ಉತ್ತರ ಕರ್ನಾಟಕದ ಒಂದು ಹಳ್ಳಿಯಲ್ಲಿ ಉಪದೇಶಿಯಾಗಿದ್ದರು. 1947ರ ಸೆಪ್ಟೆಂಬರಿನಲ್ಲಿ ಮದರಾಸಿನಲ್ಲಿ ಉದ್ಘಾಟನೆಯಾದ ದಕ್ಷಿಣ ಭಾರತ ಸಭೆ ಆಂಗ್ಲಿಕನರನ್ನೂ ಇತರರನ್ನೂ ಕೂಡಿಸಿಕೊಂಡದ್ದು. ಅದೂ ಬಿಷಪರನ್ನುಳ್ಳ ಸಭೆಯೇ. ನಮ್ಮ ಹಳ್ಳಿಗೆ ಪಾದ್ರಿಗಳು ಎರಡು ಮೂರು ತಿಂಗಳಿಗೊಮ್ಮೆ ಬಸ್ಸಿಳಿದು ಬಂದು ಕರ್ತನ ಭೋಜನ ನಡೆಸಿ ಸಂಜೆಯ ಬಸ್ಸಿಗೆ ಹೋಗುತ್ತಿದ್ದರು. ಉಳಿದದ್ದೆಲ್ಲ ತಂದೆಯವರದು. ಶಾಲೆಯೂ ಅವರದೇ ಆದ್ದರಿಂದ ಜನ ಮಾಸ್ತರೆಂದೇ ಕರೆಯುತ್ತಿದ್ದರು. ಗಂಟೆ ಬಾರಿಸುವವರು ಅವರು, ಪುಸ್ತಕ ತೆರೆಯುವವರು ಅವರು, ಹಾಡು ಎತ್ತುವವರು, ಪ್ರಸಂಗ ಮಾಡುವವರು, ಜಗಳ ಬಿಡಿಸುವವರು, ಮಕ್ಕಳ ಗಾಯಕ್ಕೆ ಅಯೋಡಿನ್ ಹಚ್ಚುವವರು ಎಲ್ಲ ಅವರೇ. ಮೂವತ್ತು ವರ್ಷ ಒಂದು ಭಾನುವಾರವನ್ನೂ ತಪ್ಪಿಸಲಿಲ್ಲವೆಂದು ಅವರಿಗೆ ಹೆಮ್ಮೆ, ನಮಗೂ ಹೆಮ್ಮೆ. ಪಾರ್ಶ್ವವಾಯು ಹೊಡೆದು ಅವರ ಮಾತು ನಿಂತಿತು. ಸುದ್ದಿ ತಿಳಿದು ನಾನು ಊರಿಗೆ ಹೋದೆ. ಆಗಷ್ಟೇ ಎಂ.ಎ. ಮುಗಿಸಿ ಕಾಲೇಜಿನಲ್ಲಿ ಪಂಪನ ಪಾಠ ಹೇಳಲು ತೊಡಗಿದ್ದ ಕಾಲ. ಭಾನುವಾರ ಯಾರೋ ಗಂಟೆ ಬಾರಿಸಿದರು. ಜನ ಬಂದು ಕುಳಿತರು. ಮೇಜಿನ ಮೇಲೆ ಪುಸ್ತಕವಿತ್ತು. ಯಾರೂ ಏಳಲಿಲ್ಲ. ಎಲ್ಲರೂ ನನ್ನನ್ನ ನೋಡಿದರು.

ಎದ್ದುಹೋಗಿ ಓದಿದೆ. ತರಗತಿಯಲ್ಲಿ ಓದುವಂತೆ ಓದಿದೆ. ಜನ ಎಲ್ಲಿ ಉತ್ತರ ಹೇಳಬೇಕೋ ಅಲ್ಲಿ ನಿಲ್ಲದೆ ಓದಿದೆ. ಅರ್ಧಕ್ಕೆ ಪುಟ ತಪ್ಪಿತು. ಮುಂದಿನದು ಕಾಣದೆ ಹಾಳೆ ತಿರುವುತ್ತ ನಿಂತೆ. ಆಗ ನೆಲದ ಮೇಲೆ ಕುಳಿತಿದ್ದ ಒಬ್ಬ ಮುದುಕಿ, ಅಕ್ಷರ ಬಾರದವಳು, ಕೂಲಿ ಮಾಡಿ ಬದುಕಿದವಳು, “ಯಾಕ ನಿಂತಿ ತಮ್ಮಾ? ಮುಂದಿಂದು ನನಗ ಬರ್ತದ” ಎಂದು ಅಲ್ಲಿಂದ ಎತ್ತಿಕೊಂಡಳು. ಇಡೀ ಆರಾಧನಾಕ್ರಮ ಅವಳಿಗೆ ಬಾಯಿಪಾಠವಾಗಿತ್ತು. ಎಲ್ಲಿ ನಿಲ್ಲಬೇಕೆಂಬುದೂ ಗೊತ್ತಿತ್ತು. ಜನ ಉತ್ತರ ಹೇಳಿದರು.

ಮೂವತ್ತು ವರ್ಷ ಅವಳು ಅಲ್ಲಿಯೇ, ನನ್ನ ತಂದೆಯ ಎದುರಿಗೇ ಕುಳಿತಿದ್ದಳು. ಅವಳಿಗೆ ಬರುತ್ತದೆಂದು ತಂದೆಯವರಿಗೆ ಗೊತ್ತಿರಲಿಲ್ಲ. ಕೇಳಿರಲೇ ಇಲ್ಲ. ಆ ಮುದುಕಿಯೂ ಎರಡು ಮೂರು ವರ್ಷದಲ್ಲಿ ತೀರಿಕೊಂಡಳು. ಅವಳ ಬಳಿ ಯಾರೂ ಕಲಿಯಲಿಲ್ಲ. ಕಲಿತುಕೊಳ್ಳಬೇಕಾದದ್ದೆಂದು ನನಗೂ ಹೊಳೆಯಲಿಲ್ಲ. ಈಗ ಆ ಹಳ್ಳಿಯಲ್ಲಿ ಭಾನುವಾರದ ಗಂಟೆಯಿಲ್ಲ. ತಂದೆಯವರು ಸೋಮಾರಿಯಾಗಿದ್ದರೆ, ನಾಲ್ಕು ಭಾನುವಾರ ತಪ್ಪಿಸಿದ್ದರೆ, ಅದು ಉಳಿಯುತ್ತಿತ್ತೋ ಏನೋ ಎಂದು ನನಗೆ ಆಗಾಗ ಅನ್ನಿಸುತ್ತದೆ. ಮಗನಾಗಿ ಇದನ್ನು ಹೇಳುವುದು ಸುಲಭವಲ್ಲ.

ಅಮೆರಿಕದ ಈ ಏರ್ಪಾಟಿಗೆ ಆಕ್ಷೇಪಗಳಿವೆ. ಪಾದ್ರಿಗೆ ಸಂಬಳ ಕೊಡಲಾಗದ ಬಡತನಕ್ಕೆ ತತ್ತ್ವದ ಅಂಗಿ ತೊಡಿಸಿದ್ದಾರೆ ಎನ್ನುವವರಿದ್ದಾರೆ. ಅದರಲ್ಲಿ ನಿಜವಿದೆ, ಊರುಗಳು ದೊಡ್ಡವಾಗಿ, ಬೆಂಚುಗಳು ತುಂಬಿ, ಹಣವಿದ್ದ ಕಾಲದಲ್ಲಿ ಈ ತತ್ತ್ವ ಎಷ್ಟು ಜನರಿಗೆ ನೆನಪಾಗಿತ್ತು? ಅರ್ಧ ಕಲಿತವನು ವೇದಿಕೆ ಏರಿದರೆ ಸಭೆ ದಾರಿ ತಪ್ಪುತ್ತದೆ ಎನ್ನುವವರೂ ಇದ್ದಾರೆ. ಪೂರ್ತಿ ಕಲಿತವರು ದಾರಿ ತಪ್ಪಿಸಿದ ಉದಾಹರಣೆಗಳು ನನ್ನಲ್ಲಿ ಇರುವುದರಿಂದ ಈ ಮಾತಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ನನಗೆ ಗಟ್ಟಿಯಾಗಿ ಕಾಣುವ ಆಕ್ಷೇಪ ಬೇರೆ: ದೀಕ್ಷೆಯಿಲ್ಲದ ನಾಯಕ ಬಹುಬೇಗ ಸಣ್ಣ ಪಾದ್ರಿಯಾಗುತ್ತಾನೆ. ದೊಡ್ಡ ಪಾದ್ರಿಯನ್ನು ಬಿಷಪರು ವರ್ಗ ಮಾಡಬಹುದು; ಊರಿನಲ್ಲಿಯೇ ಹುಟ್ಟಿ ಬೆಳೆದ ಸಣ್ಣ ಪಾದ್ರಿಯನ್ನು ಕದಲಿಸುವವರಾರು? ಅನುಮತಿಗೆ ಅವಧಿ ಹಾಕಿರುವುದೂ, ಒಬ್ಬರ ಬದಲು ತಂಡವನ್ನು ಕಟ್ಟುವುದೂ, ‘ನಿಮ್ಮ’ ಎಂಬಲ್ಲಿ ‘ನಮ್ಮ’ ಎನ್ನಿಸುವುದೂ ಇದಕ್ಕೆ ಹಾಕಿದ ಕಟ್ಟೆಗಳು. ಎಲ್ಲ ಕಡೆಯೂ ಅವು ನಿಲ್ಲುತ್ತವೆಂದು ನಾನು ಹೇಳಲಾರೆ. ಆ ಒಂದು ಊರಿನಲ್ಲಿ ನಿಂತಿದ್ದವು.

ನಾನು ಹಿಂದಿರುಗುವ ಮುಂಚಿನ ಭಾನುವಾರ ಪಂಚಾಶತ್ತಮ ದಿನದ ಹಬ್ಬ ಬಂದಿತು. ನಾನಾ ದೇಶದವರು ಶಿಷ್ಯರ ಮಾತನ್ನು ತಮ್ಮ ತಮ್ಮ ನುಡಿಯಲ್ಲಿ ಕೇಳಿದರೆಂಬ ಪಾಠವನ್ನು ಅಂದು ಓದುತ್ತಾರೆ. ಅದನ್ನು ಕನ್ನಡದಲ್ಲಿಯೂ ಓದಬೇಕೆಂದು ಬಸ್ಸಿನ ಅಮ್ಮ ನನ್ನನ್ನು ಕೇಳಿದಳು. ಅದಕ್ಕೇನು ಎಂದೆ. ಹಾಗಾದರೆ ಶನಿವಾರ ಮೂರು ಗಂಟೆಗೆ ಬನ್ನಿ ಎಂದಳು. ಕನ್ನಡ ಓದಲು ನನಗೆ ಅಭ್ಯಾಸ ಬೇಕೆ ಎಂದು ನಗು ಬಂತು, ಆದರೂ ಹೋದೆ. ಅವಳು ಕೊನೆಯ ಬೆಂಚಿನಲ್ಲಿ ಹೋಗಿ ಕುಳಿತಳು. ನಾನು ಓದತೊಡಗಿದೆ. ಮೂರನೆಯ ವಾಕ್ಯಕ್ಕೆ ಕೈಯೆತ್ತಿದಳು. ಮತ್ತೆ ಮೊದಲಿನಿಂದ ಓದಿದೆ. ದೇಶಗಳ ಹೆಸರಿನ ಸಾಲಿನಲ್ಲಿ ಓಡಿದೆನೆಂದು ತೋರುತ್ತದೆ, ಮತ್ತೆ ಕೈ. ಮೂರನೆಯ ಸಲ ಕೊನೆಯವರೆಗೂ ಸುಮ್ಮನಿದ್ದಳು. ಮುಗಿಸಿ ಪುಸ್ತಕ ಮುಚ್ಚಿದೊಡನೆ ಕೈಯೆತ್ತಿದಳು. ಪುಸ್ತಕವನ್ನು ಮತ್ತೆ ತೆರೆದೆ. ಕೊನೆಯ ವಾಕ್ಯವನ್ನು ಓದಿ, ಅವಳು ಹೇಳಿಕೊಡುತ್ತಿದ್ದಂತೆ, ಏನೂ ಮಾಡದೆ ನಿಂತೆ. ಹಿಂದಿನ ಬೆಂಚಿನಲ್ಲಿ ಕೈ ಏಳಲಿಲ್ಲ.